ಕೈರೋಪ್ರಾಕ್ಟಿಕ್ ಚಿಕಿತ್ಸಕರೂ ರಾಜಾನುಜ್ಞೆಯೂ

ವೈದ್ಯನಾಗಬೇಕೆನ್ನುವವನು ಶಾಸ್ತ್ರವನ್ನು ಓದಿ, ಅದರ ಅರ್ಥವನ್ನು ಮನನಮಾಡಿ, ಗುರುವಿನ ಚಿಕಿತ್ಸಾಕ್ರಮವನ್ನು ಕಣ್ಣಾರೆ ಕಂಡು, ಕೈಯಾರೆ ಅಭ್ಯಾಸಮಾಡಿ, ಕಡೆಗೆ ರಾಜನ ಅನುಜ್ಞೆಯನ್ನು ಪಡೆದ ಮೇಲೆಯೇ ವೃತ್ತಿಗೆ ಇಳಿಯತಕ್ಕದ್ದೆಂಬ ವಿಧಿಯು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಇದೆ. ವೈದ್ಯವೇಷವನ್ನು ಧರಿಸಿದ ಕಪಟಿಗಳು ನಾಡಿನಲ್ಲಿ ತಿರುಗುವುದಕ್ಕೆ ಅರಸರ ಅಜಾಗರೂಕತೆಯೇ ಕಾರಣವೆಂದು ಚರಕಸಂಹಿತೆಯು ದೂರುತ್ತದೆ. ಪ್ರಾಣಾಪಾಯವುಳ್ಳ ರೋಗವನ್ನು ಮೊದಲು ತಿಳಿಸದೆ ಚಿಕಿತ್ಸೆಗೆ ಕೈಹಾಕಿ ರೋಗಿಯನ್ನು ಕಳೆದುಕೊಂಡ ವೈದ್ಯನಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡವು ಹೇಳಲ್ಪಟ್ಟಿದೆ. ಹೀಗೆ ಚಿಕಿತ್ಸಾವೃತ್ತಿಗೆ ಪ್ರಭುತ್ವದ ಒಪ್ಪಿಗೆ ಬೇಕೆಂಬುದು ಹೊಸ ಮಾತೇನೂ ಅಲ್ಲ. ಆದರೆ ರಾಜನು ಅನುಜ್ಞೆಯನ್ನು ಕೊಡುವುದಕ್ಕೆ ಮುಂಚೆ ಯಾರನ್ನು ಕೇಳಬೇಕು? ಒಂದೇ ರಾಜ್ಯದಲ್ಲಿ ಎರಡು ಚಿಕಿತ್ಸಾಸಂಪ್ರದಾಯಗಳಿದ್ದು, ಒಂದರವರು ಇನ್ನೊಂದರವರನ್ನು ವೈದ್ಯರೆಂದೇ ಒಪ್ಪದಿದ್ದ ಪಕ್ಷದಲ್ಲಿ ಪರೀಕ್ಷಕಪೀಠದ ಮೇಲೆ ಕೂಡತಕ್ಕವರು ಯಾರು? ಮೇಲಿನ ವಾಕ್ಯಗಳಲ್ಲಿ ಇದಕ್ಕೆ ಉತ್ತರವಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೈರೋಪ್ರಾಕ್ಟಿಕ್ ಎಂಬ ಪಂಥದವರ ವಿಷಯದಲ್ಲಿ ಈ ಪ್ರಶ್ನೆಯೇ ಸುಮಾರು ಎಂಭತ್ತು ವರ್ಷಗಳ ಕಾಲ ನ್ಯಾಯಸ್ಥಾನಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಸೆರೆಮನೆಗಳಲ್ಲಿಯೂ ವಿಚಾರಿಸಲ್ಪಟ್ಟಿತು.

ಈ ಪಂಥದ ಪ್ರವರ್ತಕನು ಡೇನಿಯಲ್ ಡೇವಿಡ್ ಪಾಮರ್ ಎಂಬವನು. ಇವನು 1845ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿ, 1865ರಲ್ಲಿ ಸಂಯುಕ್ತ ಸಂಸ್ಥಾನಗಳಿಗೆ ಬಂದು, ನಾನಾ ಉದ್ಯೋಗಗಳನ್ನು ಮಾಡಿ, ಹಸ್ತಸ್ಪರ್ಶದಿಂದ ರೋಗವನ್ನು ಕಳೆಯುವ ‘ಅಯಸ್ಕಾಂತ ಚಿಕಿತ್ಸಕ’ನಾಗಿ ಮಿಸಿಸಿಪ್ಪಿ ನದಿಯ ದಡದ ಡೇವನ್‌ಪೋರ್ಟ್ ಪಟ್ಟಣದಲ್ಲಿ ನೆಲಸಿದನು. ಈ ಪಟ್ಟಣವು ಅಯೋವಾ ಸಂಸ್ಥಾನಕ್ಕೆ ಸೇರಿದುದು. ಹೆಸರು ಕನ್ನಡಿಗರ ಕಿವಿಗೆ ವಿನೋದವಾಗಿ ಕೇಳುವುದು ಸಹಜವೇ. ಪಂಡಿತರೆಲ್ಲ ಒಂದು ಕಡೆ, ಪಾಮರನೊಬ್ಬನು ಇನ್ನೊಂದು ಕಡೆ ನಿಂತು ನಡೆಸಿದ ವಿವಾದವಿದು. 1895ನೆಯ ಇಸವಿಯಲ್ಲಿ ತಾನಿದ್ದ ಕಟ್ಟಡದ ಜಾಡಮಾಲಿಯಾದ ಹಾರ್ವೆ ಲಿಲ್ಲಾರ್ಡ್ ಎಂಬ ಕಿವುಡನ ಬೆನ್ನಿನಲ್ಲಿ ಸ್ಥಾನತಪ್ಪಿದ ಒಂದು ಕಶೇರುವನ್ನು ಕಂಡು, ಅದನ್ನು ಒತ್ತಿ ಸರಿಪಡಿಸಿದೊಡನೆ ಅವನಿಗೆ ಹದಿನೇಳು ವರ್ಷಗಳಿಂದ ಇಲ್ಲದ ಶ್ರವಣಶಕ್ತಿಯು ಮರಳಿತೆಂದು ಪಾಮರನು ಸಾರಿದನು. ಶ್ರವಣದ ನರವು ತಲೆಬುರುಡೆಯೊಳಗೇ ಹರಿಯುವುದರಿಂದ ಬೆನ್ನಿನ ಎಲುಬಿಗೂ ಕಿವುಡಿಗೂ ಸಂಬಂಧವೇನೆಂದು ವೈದ್ಯರು ಅಂದಿನಿಂದಲೂ ಕೇಳುತ್ತ ಬಂದಿದ್ದಾರೆ. ಆಕ್ಷೇಪವು ಯುಕ್ತವೇ ಆಗಿದೆ. ಆದರೆ ಪಾಮರನು ಅಷ್ಟಕ್ಕೆ ನಿಲ್ಲದೆ, ಕಶೇರುಗಳ ಈ ಅಲ್ಪಭ್ರಂಶವು ನರಗಳನ್ನು ಪೀಡಿಸುವುದೇ ಬಹುತೇಕ ಎಲ್ಲ ರೋಗಗಳಿಗೂ ಮೂಲವೆಂಬ ವ್ಯಾಪ್ತಿಯನ್ನು ಕಲ್ಪಿಸಿದನು. ಗ್ರೀಕ್ ಭಾಷೆಯಲ್ಲಿ ಕೈ ಎಂಬರ್ಥದ ಶಬ್ದವನ್ನೂ ಕ್ರಿಯೆ ಎಂಬರ್ಥದ ಶಬ್ದವನ್ನೂ ಜೋಡಿಸಿ ಪಂಥಕ್ಕೆ ಹೆಸರನ್ನು ಸೂಚಿಸಿದವನು ಅವನ ಮಿತ್ರನಾದ ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ. ಸಂಸ್ಕೃತದಲ್ಲಿ ಹೇಳುವುದಾದರೆ ಹಸ್ತಕ್ರಿಯೆ ಎಂದಷ್ಟೇ.

ಎಲುಬನ್ನು ಕೈಯಿಂದ ಕೂಡಿಸುವ ವಿದ್ಯೆಯು ಲೋಕದಲ್ಲಿ ಬಹು ಹಳೆಯದು. ಸುಶ್ರುತನು ಕಾಂಡಭಗ್ನ, ಸಂಧಿಮುಕ್ತ ಎಂದು ವಿಭಾಗಮಾಡಿ ಇದನ್ನು ವಿವರಿಸಿರುವನು. ಪುತ್ತೂರಿನ ಕಟ್ಟು ಕಟ್ಟಿಸಿಕೊಂಡು ಬಂದವರು ಕನ್ನಡನಾಡಿನಲ್ಲಿ ಎಷ್ಟೋ ಜನರಿದ್ದಾರೆ. ತನಗಿಂತ ಹಿಂದೆಯೂ ಕಶೇರುಗಳನ್ನು ಸರಿಪಡಿಸುತ್ತಿದ್ದವರು ಇದ್ದರೆಂಬುದನ್ನು ಪಾಮರನೂ ಒಪ್ಪಿಕೊಂಡನು. ಕಶೇರುವಿನ ಮುಳ್ಳುಗಳನ್ನೇ ಸನ್ನೆಗೋಲಿನಂತೆ ಹಿಡಿದು ನೂಕುವ ಕ್ರಮವೂ, ಅದರ ಮೇಲೆ ಕಟ್ಟಿದ ತತ್ತ್ವವೂ ಮಾತ್ರ ತನ್ನವೆಂದು ಅವನ ವಾದ. ಕೈಚಳಕವೊಂದೇ ಆಗಿದ್ದರೆ ಈ ವಿದ್ಯೆಗೆ ಇಷ್ಟು ದೊಡ್ಡ ಮೊಕದ್ದಮೆ ನಡೆಯುತ್ತಿರಲಿಲ್ಲವೆನ್ನಬೇಕು. ರಾಜನ ಮುಂದೆ ಜಗಳವೆದ್ದದ್ದು ತತ್ತ್ವಕ್ಕಾಗಿ.

ಪಾಮರನು ತನ್ನ ಪಾಠಶಾಲೆಯನ್ನು ತೆರೆದ ಕಾಲವು ಅವನಿಗೆ ಅನುಕೂಲವಾಗಿರಲಿಲ್ಲ. ಆ ದೇಶದಲ್ಲಿ ವೃತ್ತಿಗಳಿಗೆ ಲೈಸೆನ್ಸ್ ಎಂಬ ಅನುಜ್ಞಾಪತ್ರವನ್ನು ಕೊಡುವ ಅಧಿಕಾರವು ಒಕ್ಕೂಟದ ಸರ್ಕಾರಕ್ಕೆ ಸೇರದೆ ಪ್ರತಿಯೊಂದು ಸಂಸ್ಥಾನಕ್ಕೂ ಬೇರೆ ಬೇರೆಯಾಗಿ ಸೇರಿದೆ. ಹತ್ತೊಂಭತ್ತನೆಯ ಶತಮಾನದ ಮಧ್ಯದಲ್ಲಿ ಈ ಕಟ್ಟುಗಳು ಬಹುತೇಕ ಸಡಿಲವಾಗಿ, ಯಾರು ಬೇಕಾದರೂ ವೈದ್ಯರಾಗಬಹುದಾಗಿತ್ತು. 1870ರ ದಶಕದಿಂದ ಒಂದೊಂದೇ ಸಂಸ್ಥಾನವು ಪುನಃ ವೈದ್ಯಶಾಸನಗಳನ್ನು ಮಾಡತೊಡಗಿತು. ಪಶ್ಚಿಮ ವರ್ಜೀನಿಯಾದ 1882ರ ಶಾಸನದ ಮೇರೆಗೆ ಫ್ರ್ಯಾಂಕ್ ಡೆಂಟ್ ಎಂಬ ವೈದ್ಯನ ಮೇಲೆ ಆಪಾದನೆ ಬಂದಿತು. ಅವನು 1876ರಿಂದ ವೃತ್ತಿಯಲ್ಲಿದ್ದವನು. ‘ಎಕ್ಲೆಕ್ಟಿಕ್’ ಎಂಬ ಸಂಪ್ರದಾಯದ ಕಾಲೇಜಿನ ಪ್ರಶಸ್ತಿಪತ್ರವೂ ಅವನಲ್ಲಿತ್ತು. ಆ ಕಾಲೇಜು ಪ್ರತಿಷ್ಠಿತವಾದುದಲ್ಲವೆಂದು ಸಂಸ್ಥಾನದ ಆರೋಗ್ಯಮಂಡಲಿಯು ಪತ್ರವನ್ನು ತಳ್ಳಿಹಾಕಿತು. 1889ರಲ್ಲಿ ದೇಶದ ಪರಮೋಚ್ಚ ನ್ಯಾಯಸ್ಥಾನವು ಸಂಸ್ಥಾನದ ಪಕ್ಷವನ್ನೇ ಎತ್ತಿಹಿಡಿದು, ಜನರ ಕ್ಷೇಮಕ್ಕಾಗಿ ವೈದ್ಯರಿಂದ ನಿಯತವಾದ ವಿದ್ಯೆಯನ್ನೂ ಕೌಶಲವನ್ನೂ ಕೇಳುವ ಅಧಿಕಾರವು ಸರ್ಕಾರಕ್ಕೆ ಉಂಟೆಂದು ತೀರ್ಪುಕೊಟ್ಟಿತು. ಅಲ್ಲಿಂದ ಮುಂದೆ ಅನುಜ್ಞೆಯಿಲ್ಲದ ಚಿಕಿತ್ಸೆಯು ಅಪರಾಧವಾಯಿತು. ಯಾವ ವಿದ್ಯೆಯು ಪ್ರತಿಷ್ಠಿತವೆಂಬುದನ್ನು ನಿರ್ಣಯಿಸುವ ಕೆಲಸವು ಆಗಲೇ ಪ್ರತಿಷ್ಠಿತರಾಗಿದ್ದವರ ಕೈಗೆ ಸಿಕ್ಕಿತು. ಎಲುಬುಗಳ ಚಿಕಿತ್ಸೆಯನ್ನೇ ಪ್ರಧಾನವಾಗಿ ಇಟ್ಟುಕೊಂಡಿದ್ದ ಆಸ್ಟಿಯೋಪತಿಯವರು ಮಾತ್ರ ಬೇಗನೆ ದಾರಿಯನ್ನು ಕಂಡುಕೊಂಡು, 1896ರಲ್ಲಿ ವರ್ಮಾಂಟ್ ಸಂಸ್ಥಾನದಲ್ಲಿ ತಮ್ಮದೇ ಆದ ಶಾಸನವನ್ನು ಪಡೆದರು.

ಕೈರೋಪ್ರಾಕ್ಟಿಕ್ ಪಂಥಕ್ಕೆ ಮೊತ್ತಮೊದಲು ಅನುಜ್ಞೆಯು ಕೈಗೆ ಬರುವಂತಿದ್ದದ್ದು 1905ರಲ್ಲಿ, ಮಿನಿಸೋಟಾ ಸಂಸ್ಥಾನದಲ್ಲಿ. ಅಲ್ಲಿಯ ಶಾಸನಸಭೆಯು ಮಸೂದೆಯನ್ನು ಅಂಗೀಕರಿಸಿತ್ತು. ಅದನ್ನು ಗವರ್ನರನು ನಿರಾಕರಿಸಿದನು. ನಿರಾಕರಿಸಬೇಕೆಂದು ಪ್ರಯತ್ನಪಟ್ಟವರಲ್ಲಿ ಸ್ವತಃ ಪಾಮರನೂ ಒಬ್ಬನು! ಮಸೂದೆಯ ಹಿಂದೆ ಇದ್ದವರು ಅವನ ಶಿಷ್ಯನಾಗಿದ್ದು ಪ್ರತಿಸ್ಪರ್ಧಿಯಾದ ಲ್ಯಾಂಗ್‌ವರ್ದಿಯ ಪಕ್ಷದವರು. ಅವರು ಕೈಚಿಕಿತ್ಸೆಯೊಂದಿಗೆ ಬೇರೆ ಉಪಚಾರಗಳನ್ನೂ ಬೆರಸುತ್ತಿದ್ದರು. ತನ್ನ ಶಾಸ್ತ್ರವು ಕಲಬೆರಕೆಯಾಗಿ ಅನುಜ್ಞೆಯನ್ನು ಪಡೆಯುವುದಕ್ಕಿಂತ ಶುದ್ಧವಾಗಿ ಅನುಜ್ಞೆಯಿಲ್ಲದೆ ಇರುವುದೇ ಮೇಲೆಂದು ಪಾಮರನು ಎಣಿಸಿದಂತಿದೆ. ಅದರ ಫಲವನ್ನು ಅವನು ಮರುವರ್ಷವೇ ಉಂಡನು. 1906ರಲ್ಲಿ ಅನುಜ್ಞೆಯಿಲ್ಲದೆ ವೈದ್ಯವೃತ್ತಿಯನ್ನು ನಡೆಸಿದ ಅಪರಾಧಕ್ಕಾಗಿ ಡೇವನ್‌ಪೋರ್ಟಿನ ನ್ಯಾಯಸ್ಥಾನವು ಅವನಿಗೆ 350 ಡಾಲರು ಜುಲ್ಮಾನೆ, ಇಲ್ಲವೆ 105 ದಿನಗಳ ಸಜೆ ಎಂದು ವಿಧಿಸಿತು. ಜುಲ್ಮಾನೆಯನ್ನು ಕೊಡುವುದು ತಪ್ಪನ್ನು ಒಪ್ಪಿಕೊಂಡಂತೆಯೇ ಸರಿಯೆಂದು ಅರವತ್ತೊಂದನೆಯ ವಯಸ್ಸಿನ ಆತನು ಸೆರೆಮನೆಗೆ ಹೋದನು. ಇಪ್ಪತ್ತಮೂರು ದಿನಗಳಾದ ಮೇಲೆ ಹಣವನ್ನು ಕಟ್ಟಿ ಹೊರಗೆ ಬಂದನು. ಪಾಠಶಾಲೆಯು ಮಗನಾದ ಬಾರ್ಟ್‌ಲೆಟ್ ಜೋಶುವಾ ಪಾಮರನ ಕೈಗೆ ಹೋಯಿತು. ತಂದೆಮಕ್ಕಳಿಗೆ ಮತ್ತೆ ಸರಿಹೋಗಲಿಲ್ಲ. 1913ರಲ್ಲಿ ತಂದೆಯು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡನು.

ಇಡೀ ಚರಿತ್ರೆಯ ಕೀಲು 1907ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲಾ ಕ್ರಾಸ್ ಪಟ್ಟಣದಲ್ಲಿ ನಡೆದ ಒಂದು ಮೊಕದ್ದಮೆಯಲ್ಲಿದೆ. ಪ್ರತಿವಾದಿಯು ಶೆಗೆಟಾರೊ ಮೊರಿಕುಬೊ ಎಂಬ ಜಪಾನೀಯ. ಪಾಮರ್ ಪಾಠಶಾಲೆಯಲ್ಲಿ ಓದಿದವನು. ಅನುಜ್ಞೆಯಿಲ್ಲದೆ ಆಸ್ಟಿಯೋಪತಿಯನ್ನು ಆಚರಿಸಿದನೆಂದು ಅವನ ಮೇಲೆ ದೋಷಾರೋಪಣೆ. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ‘ಯೂನಿವರ್ಸಲ್ ಕೈರೋಪ್ರಾಕ್ಟರ್ಸ್ ಅಸೋಸಿಯೇಷನ್’ ಎಂಬ ಸಂಘವು ಸದಸ್ಯರ ಪರವಾಗಿ ನ್ಯಾಯಸ್ಥಾನಗಳಲ್ಲಿ ಹೋರಾಡುವ ಉದ್ದೇಶವುಳ್ಳುದು. ಅವನ ಪರವಾಗಿ ವಾದಿಸಿದವನು ಟಾಮ್ ಮಾರಿಸ್. ಮುಂದೆ ಆ ಸಂಸ್ಥಾನದ ಉಪಗವರ್ನರ್ ಪದವಿಗೆ ಏರಿದ ವಕೀಲ. ಮಾರಿಸನು ತನ್ನ ಕಕ್ಷಿಗಾರನು ಒಳ್ಳೆಯ ವೈದ್ಯನೆಂದು ವಾದಿಸಲಿಲ್ಲ. ಅವನು ವೈದ್ಯನೇ ಅಲ್ಲವೆಂದೂ, ಆಸ್ಟಿಯೋಪತಿಯವನೂ ಅಲ್ಲವೆಂದೂ, ಅವನ ವಿದ್ಯೆಗೆ ಬೇರೆಯದೇ ಆದ ದರ್ಶನವೂ ಶಾಸ್ತ್ರವೂ ಕಲೆಯೂ ಉಂಟೆಂದೂ, ಆದಕಾರಣ ವೈದ್ಯರಿಗಾಗಿಯೂ ಆಸ್ಟಿಯೋಪತಿಯವರಿಗಾಗಿಯೂ ಮಾಡಿದ ಕಟ್ಟಳೆಯು ಅವನಿಗೆ ತಗಲದೆಂದೂ ವಾದಿಸಿದನು. ಆಸ್ಟಿಯೋಪತಿಯು ರಕ್ತದ ಹರಿವನ್ನು ನೋಡುತ್ತದೆ, ಕೈರೋಪ್ರಾಕ್ಟಿಕ್ ನರದ ಹರಿವನ್ನು ನೋಡುತ್ತದೆ ಎಂಬ ವ್ಯತ್ಯಾಸವನ್ನು ತೋರಿಸಿದನು. ಭಿನ್ನದರ್ಶನಕ್ಕೆ ಸಾಕ್ಷಿಯಾಗಿ ಹಾಜರುಪಡಿಸಿದ ಪುಸ್ತಕವು ‘ಮಾಡರ್ನೈಸ್ಡ್ ಕೈರೋಪ್ರಾಕ್ಟಿಕ್’ ಎಂಬುದು. ಅದರ ಕರ್ತೃಗಳಲ್ಲಿ ಒಬ್ಬನು ಪಾಮರನು ಮಿನಿಸೋಟಾದಲ್ಲಿ ಎದುರಿಸಿದ ಅದೇ ಲ್ಯಾಂಗ್‌ವರ್ದಿ. ಗುರುವು ತಿರಸ್ಕರಿಸಿದ ಪಕ್ಷದ ಗ್ರಂಥವೇ ಪಂಥವನ್ನು ಕಾಪಾಡಿತು. ಜೂರಿಯವರು ಅರ್ಧ ಗಂಟೆಯೊಳಗಾಗಿ ಮೊರಿಕುಬೊ ನಿರಪರಾಧಿಯೆಂದು ಹೇಳಿಬಿಟ್ಟರು.

ಈ ಜಯದಿಂದ ಪಂಥವು ಒಂದು ಪ್ರತಿಜ್ಞೆಗೆ ಕಟ್ಟುಬಿದ್ದಿತು. ನ್ಯಾಯಶಾಸ್ತ್ರದಲ್ಲಿ ವಾದಿಯು ಒಮ್ಮೆ ಇಟ್ಟ ಪ್ರತಿಜ್ಞೆಯನ್ನು ಮಧ್ಯದಲ್ಲಿ ಬದಲಾಯಿಸಿದರೆ ಅದನ್ನು ಪ್ರತಿಜ್ಞಾಂತರವೆಂಬ ನಿಗ್ರಹಸ್ಥಾನದಲ್ಲಿ ಸೇರಿಸುತ್ತಾರೆ, ಅವನು ಸೋತಂತೆ. ಲಾ ಕ್ರಾಸಿನಲ್ಲಿ ಇಟ್ಟ ಪ್ರತಿಜ್ಞೆಯೆಂದರೆ, ಕೈರೋಪ್ರಾಕ್ಟಿಕ್ ವೈದ್ಯವಲ್ಲ ಎಂಬುದು. ಅಂದಿನಿಂದ ಪಂಥದವರ ಮಾತಿನ ಧೋರಣೆಯೇ ಆ ಪ್ರತಿಜ್ಞೆಗೆ ತಕ್ಕಂತೆ ತಿರುಗಿತು. ರೋಗನಿದಾನವೆನ್ನದೆ ಬೆನ್ನೆಲುಬಿನ ಪರಿಶೀಲನೆಯೆಂದರು, ಚಿಕಿತ್ಸೆಯೆನ್ನದೆ ಸರಿಪಡಿಕೆಯೆಂದರು, ರೋಗವನ್ನು ವಾಸಿಮಾಡುತ್ತೇವೆನ್ನದೆ, ಅಡ್ಡಿಯನ್ನು ತೆಗೆಯುತ್ತೇವೆ, ಒಳಗಿನ ಸಹಜಪ್ರಜ್ಞೆಯೇ ವಾಸಿಮಾಡಿಕೊಳ್ಳುತ್ತದೆ ಎಂದರು. ಇದು ಶ್ರದ್ಧೆಯಿಂದ ಹೇಳಿದ ಮಾತೋ ವಕೀಲನು ಹೇಳಿಕೊಟ್ಟ ಮಾತೋ ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಒಂದರೊಳಗೊಂದು ಬೆರೆತು ಹೋದುವು. ಮೊರಿಕುಬೊವಿನ ಜಯವು ಒಂದು ಜಿಲ್ಲೆಯ ಜೂರಿಯವರ ಅಭಿಪ್ರಾಯವಷ್ಟೇ ಆದುದರಿಂದ ಬೇರೆ ಊರುಗಳಲ್ಲಿ ದಸ್ತಗಿರಿಗಳು ನಿಲ್ಲಲಿಲ್ಲ. ಜೂರಿಯವರು ನೆರೆಹೊರೆಯವನನ್ನು ಬಿಟ್ಟುಕೊಡದೆ ಇರುವುದು ಅನೇಕ ಕಡೆ ನಡೆಯಿತು. ಆದರೂ ಪ್ರತಿಸಲವೂ ಜೂರಿಯ ದಯೆಯನ್ನು ನಂಬಿ ವೃತ್ತಿಯನ್ನು ನಡೆಸುವುದು ಸಾಧ್ಯವಲ್ಲವಷ್ಟೆ. ಸಂಸ್ಥಾನದ ಶಾಸನವೇ ಬೇಕೆಂದಾಯಿತು.

ಕ್ಯಾನ್ಸಸ್ ಸಂಸ್ಥಾನವು 1913ರಲ್ಲಿ ಮೊದಲನೆಯ ಕೈರೋಪ್ರಾಕ್ಟಿಕ್ ಶಾಸನವನ್ನು ಮಾಡಿತು. ಪರೀಕ್ಷಾಮಂಡಲಿಯು ನಿಜವಾಗಿ ಕೆಲಸಕ್ಕೆ ತೊಡಗಿದ್ದು 1915ರಲ್ಲಿ; ಅಲ್ಲಿ ಮೊದಲನೆಯ ಅನುಜ್ಞಾಪತ್ರವು ಟೊಪೀಕಾ ನಗರದ ಆನಾ ಫಾಯ್ ಎಂಬ ಸ್ತ್ರೀಗೆ ದೊರೆಯಿತು. 1915ರಲ್ಲಿಯೇ ಆರ್ಕನ್ಸಾ, ಉತ್ತರ ಡಕೋಟಾ ಸಂಸ್ಥಾನಗಳು ಅದೇ ದಾರಿಯನ್ನು ಹಿಡಿದವು. ಪಂಥದ ಜನ್ಮಭೂಮಿಯಾದ ಅಯೋವಾ 1921ರ ವರೆಗೂ ಕಾಯಿಸಿತು. ಈ ಶಾಸನಗಳಲ್ಲಿ ಹೆಚ್ಚಿನವು ಹಳ್ಳಿಗಾಡಿನ ಪಶ್ಚಿಮ ಸಂಸ್ಥಾನಗಳವು ಎಂಬುದು ಗಮನಿಸತಕ್ಕ ವಿಷಯ. ಒಹಾಯೊ ಸಂಸ್ಥಾನದಲ್ಲಿ ಅನುಜ್ಞೆಗೆ ಅವಕಾಶವೇನೋ ಇತ್ತು, ಆದರೆ ಅದು ವೈದ್ಯಮಂಡಲಿಯ ಕೈಯಲ್ಲಿತ್ತು. ಅದರ ಮುಂದೆ ನಿಲ್ಲಲು ಅನೇಕರು ಒಪ್ಪದೆ ಸೆರೆಮನೆಯನ್ನೇ ಆರಿಸಿಕೊಂಡರು. ಅಲ್ಲಿ ಪ್ರತ್ಯೇಕ ಕೈರೋಪ್ರಾಕ್ಟಿಕ್ ಮಂಡಲಿಯು ಏರ್ಪಟ್ಟದ್ದು 1975ರಲ್ಲಿ. ಅನುಜ್ಞೆಯು ಬೇಕೋ ಬೇಡವೋ ಎಂಬುದಕ್ಕಿಂತ ಕೊಡತಕ್ಕವನು ಯಾರೆಂಬುದೇ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಕ್ಯಾಲಿಫೋರ್ನಿಯಾದ ಕಥೆಯು ಇದಕ್ಕಿಂತಲೂ ರೋಚಕವಾದುದು. ಅಲ್ಲಿ 1913ರ ವೈದ್ಯಶಾಸನವು ಔಷಧವಿಲ್ಲದೆ ಚಿಕಿತ್ಸೆಮಾಡುವವರಿಗೆಂದು ಒಂದು ಕಿರಿಯ ದರ್ಜೆಯ ಅನುಜ್ಞಾಪತ್ರವನ್ನು ಕಲ್ಪಿಸಿತ್ತು. ವೈದ್ಯರ ಮಂಡಲಿಯ ಪರೀಕ್ಷೆಗೆ ಕುಳಿತರೆ ತಾವು ವೈದ್ಯರ ಒಂದು ಕೆಳಗಿನ ಶಾಖೆಯೆಂದು ಒಪ್ಪಿಕೊಂಡಂತಾಗುವುದೆಂದು ಕೈರೋಪ್ರಾಕ್ಟರುಗಳು ಅದನ್ನು ಬಿಟ್ಟರು. ದಸ್ತಗಿರಿಗಳು ನಡೆದುವು. ಜುಲ್ಮಾನೆಯನ್ನು ಕಟ್ಟಬಾರದು, ಕೈರೋಪ್ರಾಕ್ಟಿಕ್‌ಗಾಗಿ ಜೈಲಿಗೆ ಹೋಗಬೇಕು ಎಂಬುದು ಅವರ ಘೋಷವಾಯಿತು. ಗಂಡಸರೂ ಹೆಂಗಸರೂ ಒಬ್ಬರ ಹಿಂದೊಬ್ಬರು ಸಜೆಯನ್ನು ಅನುಭವಿಸಿದರು. ರೋಗಿಗಳು ಅವರನ್ನು ನೋಡಲು ಸೆರೆಮನೆಗೇ ಬರುತ್ತಿದ್ದರು. ಇದೇ ವರ್ಷಗಳಲ್ಲಿ ಭರತಖಂಡದಲ್ಲಿ ಜುಲ್ಮಾನೆಯನ್ನು ಕೊಡದೆ ಸೆರೆಗೆ ಹೋಗುವ ವ್ರತವು ಬೇರೆ ಉದ್ದೇಶಕ್ಕಾಗಿ ನಡೆಯುತ್ತಿದ್ದುದು ವಾಚಕರ ನೆನಪಿಗೆ ಬಂದೀತು. ಎರಡಕ್ಕೂ ಸಂಬಂಧವೇನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ರಜೆಗಳೇ ಮಸೂದೆಯನ್ನು ತಂದು ತಾವೇ ಮತಕೊಟ್ಟು ಶಾಸನವಾಗಿಸುವ ಕ್ರಮವುಂಟು. 1920ರಲ್ಲಿ ತಂದ ಇಂಥ ಮಸೂದೆಯು ಬಿದ್ದುಹೋಯಿತು. 1922ರ ನವೆಂಬರಿನಲ್ಲಿ ತಂದದ್ದು ಗೆದ್ದಿತು. ಶಾಸನಸಭೆಯು ಮಾಡಿದುದಲ್ಲವಾದ ಕಾರಣ, ಪ್ರಜೆಗಳ ಮತವನ್ನು ಪುನಃ ಕೇಳದೆ ಶಾಸನಸಭೆಯು ತಾನಾಗಿ ಅದನ್ನು ತಿದ್ದುವಂತಿಲ್ಲ. ಇಲ್ಲಿ ರಾಜನೆಂದರೆ ಪ್ರಜೆಯೇ. ಅವನು ಸಂಹಿತೆಗಳನ್ನು ಓದಿದವನಲ್ಲ, ಹೆಣವನ್ನು ಕೊಯ್ದು ನೋಡಿದವನಲ್ಲ; ತನ್ನ ಬೆನ್ನುನೋವು ಕಡಮೆಯಾಯಿತೇ ಇಲ್ಲವೇ ಎಂಬುದೊಂದನ್ನು ಬಲ್ಲವನು. ಅನುಭವವು ಪ್ರಮಾಣವಲ್ಲವೆಂದು ಯಾರೂ ಹೇಳಲಾರರು. ಆದರೆ ಒಬ್ಬನ ಬೆನ್ನುನೋವಿನ ಅನುಭವದಿಂದ ಕಿವುಡಿನ ಚಿಕಿತ್ಸೆಗೂ ಅನುಜ್ಞೆಯು ಸಿದ್ಧಿಸುವುದೆಂಬುದು ಅತಿವ್ಯಾಪ್ತಿಯಾಯಿತು.

ವೈದ್ಯರ ಪಕ್ಷದವರು ಸುಮ್ಮನಿರಲಿಲ್ಲ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರನು ಸಂಯುಕ್ತ ಸಂಸ್ಥಾನಗಳು, ಕೆನಡಾ ಇವುಗಳ 155 ವೈದ್ಯಶಾಲೆಗಳನ್ನು ಪರಿಶೀಲಿಸಿ ಬರೆದ ವರದಿಯ ದೆಸೆಯಿಂದ ಅವರ ಸ್ವಂತ ಶಾಲೆಗಳೇ ಎಷ್ಟೋ ಮುಚ್ಚಿಹೋಗಿದ್ದವು. ತಮ್ಮ ಮನೆಯನ್ನು ಗುಡಿಸಿಕೊಂಡವರಿಗೆ ಪಕ್ಕದ ಮನೆಯ ಕಸವು ಹೆಚ್ಚಾಗಿ ಕಾಣುವುದು ಸಹಜ. 1925ರಲ್ಲಿ ವಿಸ್ಕಾನ್ಸಿನ್, ಕನೆಕ್ಟಿಕಟ್ ಸಂಸ್ಥಾನಗಳು ‘ಬೇಸಿಕ್ ಸೈನ್ಸ್’ ಶಾಸನಗಳೆಂಬ ಹೊಸ ಉಪಾಯವನ್ನು ತಂದವು. ಇದರ ಮೇರೆಗೆ ಯಾವ ಪಂಥದ ಚಿಕಿತ್ಸಕನೇ ಆಗಲಿ, ತನ್ನ ಪಂಥದ ಮಂಡಲಿಯ ಮುಂದೆ ಹೋಗುವುದಕ್ಕೆ ಮೊದಲು, ಎಲ್ಲರಿಗೂ ಸಮಾನವಾದ ಇನ್ನೊಂದು ಮಂಡಲಿಯ ಮುಂದೆ ಶರೀರರಚನೆ, ಶರೀರಕ್ರಿಯೆ, ರೋಗವಿಕೃತಿ ಮುಂತಾದ ಮೂಲಶಾಸ್ತ್ರಗಳಲ್ಲಿ ಪರೀಕ್ಷೆಗೆ ನಿಲ್ಲಬೇಕು. ಕೆಲವು ಸಂಸ್ಥಾನಗಳಲ್ಲಿ ರಸಾಯನ, ಸೂಕ್ಷ್ಮಜೀವಿಶಾಸ್ತ್ರ ಇವೂ ಸೇರಿದ್ದುವು. ಮುಂದಿನ ಮೂರು ದಶಕಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಸಂಸ್ಥಾನಗಳು ಇದನ್ನು ಅನುಕರಿಸಿದವು. ಉತ್ತೀರ್ಣರಾದ ಕೈರೋಪ್ರಾಕ್ಟರುಗಳು ವೈದ್ಯವಿದ್ಯಾರ್ಥಿಗಳಿಗಿಂತ ಬಹಳ ಕಡಮೆ. ಅನೇಕರು ಪರೀಕ್ಷೆಗೇ ಹೋಗದೆ, ಇಂಥ ಶಾಸನವಿಲ್ಲದ ಸಂಸ್ಥಾನಗಳಿಗೆ ಹೋಗಿ ನೆಲಸಿದರು.

ಇಲ್ಲಿ ಪೂರ್ವಪಕ್ಷವನ್ನೂ ಉತ್ತರಪಕ್ಷವನ್ನೂ ಪರಾಮರ್ಶಿಸದೆ ಮುಂದೆ ಹೋಗುವುದು ಉಚಿತವಲ್ಲ. ಪಂಥದವರು ಹೇಳಿದ್ದೇನೆಂದರೆ: ಔಷಧವನ್ನೇ ಕೊಡದವನಿಗೆ ರಸಾಯನವೇಕೆ? ರೋಗಬೀಜವು ರೋಗಕ್ಕೆ ಕಾರಣವೆಂದು ಒಪ್ಪದವನಿಗೆ ಸೂಕ್ಷ್ಮಜೀವಿಶಾಸ್ತ್ರವೇಕೆ? ಮೀಮಾಂಸಕನನ್ನು ವೇದಾಂತದಲ್ಲಿ ಪರೀಕ್ಷಿಸಿ ಅನುತ್ತೀರ್ಣನೆಂದು ಹೊರಕ್ಕೆ ನೂಕಿದಂತೆ ಇದು. ಪರೀಕ್ಷೆಯ ಸೋಗಿನಲ್ಲಿ ಬಹಿಷ್ಕಾರ. ಈ ಮಾತಿನಲ್ಲಿ ಸ್ವಲ್ಪ ನಿಜವುಂಟು. ಕೈರೋಪ್ರಾಕ್ಟರುಗಳನ್ನು ತಡೆಯುವುದೇ ಶಾಸನಗಳ ಉದ್ದೇಶವೆಂಬುದನ್ನು ಅವನ್ನು ಬೆಂಬಲಿಸಿದ ವೈದ್ಯರು ಮರೆಮಾಚಿದವರಲ್ಲ. ಆದರೆ ರೋಗಿಯು ಕೈರೋಪ್ರಾಕ್ಟರನ ಬಾಗಿಲಿಗೆ ಬರುವಾಗ ತನಗೆ ಯಾವ ರೋಗವೆಂದು ಚೀಟಿಯನ್ನು ಕಟ್ಟಿಕೊಂಡು ಬರುವುದಿಲ್ಲ. ಬೆನ್ನುನೋವು ಎಂದು ಬಂದವನಿಗೆ ಬೆನ್ನಿನ ಕ್ಷಯವಿರಬಹುದು, ಅರ್ಬುದವಿರಬಹುದು. ಅಲ್ಲಿ ನೂಕಬಾರದೆಂದು ತಿಳಿಯಬೇಕಾದರೆ ತನ್ನ ಶಾಸ್ತ್ರದ ಆಚೆಗೂ ತಿಳಿದಿರಬೇಕು. ಮೀಮಾಂಸಕನು ತಪ್ಪಿದರೆ ಗ್ರಂಥವು ಕೆಡುತ್ತದೆ, ಇವನು ತಪ್ಪಿದರೆ ಮನುಷ್ಯನು ಹೋಗುತ್ತಾನೆ. ಪರೀಕ್ಷೆಯನ್ನು ಇಟ್ಟವರ ಮನಸ್ಸು ಶುದ್ಧವಾಗಿರಲಿಲ್ಲವೆಂದ ಮಾತ್ರಕ್ಕೆ ಪರೀಕ್ಷೆಯೇ ಬೇಡವೆಂದಾಗಲಿಲ್ಲ. ಇತ್ತ ವೈದ್ಯರ ವಾದದಲ್ಲಿಯೂ ಒಂದು ಬಿರುಕಿತ್ತು. ಈ ಜನಕ್ಕೆ ವಿದ್ಯೆಯಿಲ್ಲವೆಂದು ದೂರುತ್ತಲೇ, ಅವರ ಶಾಲೆಗಳಲ್ಲಿ ಪಾಠ ಹೇಳುವುದು ಧರ್ಮವಿರುದ್ಧವೆಂದು ತಮ್ಮ ಸದಸ್ಯರನ್ನು ಅವರು ತಡೆಯುತ್ತಿದ್ದರು.

ಪರೀಕ್ಷೆಯ ಒತ್ತಡದಿಂದ ಪಂಥದ ಒಳಗೇ ಹಳೆಯ ಬಿರುಕು ಅಗಲವಾಯಿತು. ಕಿರಿಯ ಪಾಮರನು ಕೈಯಿಂದ ಕಶೇರುವನ್ನು ಸರಿಪಡಿಸುವುದೊಂದನ್ನೇ ಹಿಡಿದ ಶುದ್ಧಪಕ್ಷಕ್ಕೆ ನಾಯಕನು. 1924ರಲ್ಲಿ ಅವನು ಬೆನ್ನಿನ ಎರಡು ಪಕ್ಕಗಳ ಉಷ್ಣತೆಯ ಭೇದವನ್ನು ತೋರಿಸುವ ‘ನ್ಯೂರೋಕ್ಯಾಲೋಮೀಟರ್’ ಎಂಬ ಯಂತ್ರವನ್ನು ತಂದು, ಅದನ್ನು ಮಾರದೆ ದುಬಾರಿಯಾದ ಬಾಡಿಗೆಗೆ ಕೊಟ್ಟು, ಅದಿಲ್ಲದವನು ನಿಜವಾದ ಕೈರೋಪ್ರಾಕ್ಟರನೇ ಅಲ್ಲವೆಂಬಂತೆ ಸಾರಿದಾಗ ಅನುಯಾಯಿಗಳು ತಂಡತಂಡವಾಗಿ ಬಿಟ್ಟುಹೋದರು. ಸಂಸ್ಥಾನದ ಅನುಜ್ಞೆಯು ಸಾಲದೆಂದು ಗುರುವಿನ ಯಂತ್ರದ ಅನುಜ್ಞೆಯೂ ಬೇಕೆಂದರೆ ಯಾರು ತಾನೆ ತಾಳಿಯಾರು! ಮಿಶ್ರಪಕ್ಷದವರು 1930ರಲ್ಲಿ ‘ನ್ಯಾಷನಲ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್’ ಎಂಬ ಸಂಘವನ್ನು ಕಟ್ಟಿದರು. 1941ರಿಂದ ಅದರ ವಿದ್ಯಾಧಿಕಾರಿಯಾದ ಜಾನ್ ನ್ಯೂಜೆಂಟನು ಸಣ್ಣಪುಟ್ಟ ಶಾಲೆಗಳನ್ನು ಒಂದರೊಳಗೊಂದು ಸೇರಿಸಿ, ಹದಿನೆಂಟು ತಿಂಗಳ ಪಾಠಕ್ರಮವನ್ನು ನಾಲ್ಕು ವರ್ಷಗಳಿಗೆ ಏರಿಸಲು ಶ್ರಮಪಟ್ಟನು. ಶಾಲೆಗಳ ಮಾಲಿಕರು ಅವನನ್ನು ದ್ವೇಷಿಸಿದರು. ಗ್ರಂಥಗಳಲ್ಲಿ ಪಾಮರರ ಹೆಸರುಗಳೇ ಮೆರೆಯುತ್ತವೆ. ಆದರೆ ಪಂಥವು ಉಳಿದುಕೊಂಡದ್ದು ಬಹುಮಟ್ಟಿಗೆ ಈ ನ್ಯೂಜೆಂಟನಿಂದ.

ಅತ್ತ ಆಸ್ಟಿಯೋಪತಿಯವರು ಬೇರೆ ದಾರಿಯನ್ನು ಹಿಡಿದು ಔಷಧ, ಶಸ್ತ್ರಕ್ರಿಯೆಗಳನ್ನೆಲ್ಲ ಕಲಿತು ವೈದ್ಯರ ಸಮೀಪಕ್ಕೆ ಸರಿದರು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಸಾವಿರ ಜನ ಆಸ್ಟಿಯೋಪತಿ ವೈದ್ಯರು 65 ಡಾಲರು ಶುಲ್ಕವನ್ನು ಕೊಟ್ಟು ತಮ್ಮ ಪದವಿಯನ್ನು ಸಾಮಾನ್ಯ ವೈದ್ಯಪದವಿಯಾಗಿ ಬದಲಾಯಿಸಿಕೊಂಡರು. ಅರವತ್ತೈದು ಡಾಲರಿಗೆ ಪಂಥಾಂತರ! ಲಾ ಕ್ರಾಸಿನ ಪ್ರತಿಜ್ಞೆಯು ಕೈರೋಪ್ರಾಕ್ಟರುಗಳಿಗೆ ಆ ಬಾಗಿಲನ್ನು ಮುಚ್ಚಿತ್ತು.

1963ರಲ್ಲಿ ನ್ಯೂಯಾರ್ಕ್, 1966ರಲ್ಲಿ ಮಸಾಚುಸೆಟ್ಸ್, 1973ರಲ್ಲಿ ಮಿಸಿಸಿಪ್ಪಿ ಸಂಸ್ಥಾನಗಳು ಶಾಸನಮಾಡಿದ ಮೇಲೆ ಉಳಿದದ್ದು ಲೂಯಿಸಿಯಾನಾ ಒಂದೇ. ಅಲ್ಲಿ ವೈದ್ಯಶಾಸನದ ಮೇರೆಗೆ ವೈದ್ಯಪದವಿಯಿಲ್ಲದೆ ಯಾವ ಚಿಕಿತ್ಸೆಯೂ ಸಲ್ಲದು. 1957ರಲ್ಲಿ ಜೆರ್ರಿ ಇಂಗ್ಲೆಂಡ್ ಮೊದಲಾದ ಕೈರೋಪ್ರಾಕ್ಟರುಗಳು, ತಮ್ಮ ವಿದ್ಯೆಗೆ ಬೇಡದ ಪದವಿಯನ್ನು ಕೇಳುವುದು ಅನ್ಯಾಯವೆಂದು ಒಕ್ಕೂಟದ ನ್ಯಾಯಸ್ಥಾನದಲ್ಲಿ ದಾವಾ ಹೂಡಿದರು. ದಾವಾ ಅಲ್ಲಿಂದ ಸಂಸ್ಥಾನದ ನ್ಯಾಯಸ್ಥಾನಕ್ಕೆ, ಸಂಸ್ಥಾನದಿಂದ ಮತ್ತೆ ಒಕ್ಕೂಟಕ್ಕೆ ಅಲೆಯಿತು. 1964ರಲ್ಲಿ ಪರಮೋಚ್ಚ ನ್ಯಾಯಸ್ಥಾನವು ಇಂಗ್ಲೆಂಡನ ಹೆಸರಿನಲ್ಲಿ ಕೊಟ್ಟ ತೀರ್ಪು ಇಂದಿಗೂ ಅಲ್ಲಿಯ ವಕೀಲರ ಬಾಯಲ್ಲಿದೆ. ಅದು ಯಾವ ಪ್ರಶ್ನೆಯನ್ನು ಯಾವ ನ್ಯಾಯಸ್ಥಾನಕ್ಕೆ ಕಾದಿರಿಸಬಹುದೆಂಬ ಕ್ರಮದ ವಿಷಯವಾದುದು. ಬೆನ್ನೆಲುಬಿನ ಮಾತು ಅದರಲ್ಲಿ ನಿರ್ಣಯವಾಗಲಿಲ್ಲ. ಮರುವರ್ಷ ಆ ನಿರ್ಣಯವು ಕೆಳಗಿನ ನ್ಯಾಯಸ್ಥಾನದಿಂದ ಬಂದಾಗ ಕೈರೋಪ್ರಾಕ್ಟರುಗಳಿಗೆ ವಿರೋಧವಾಗಿಯೇ ಬಂದಿತು. ಎಂಟು ವರ್ಷಗಳ ವ್ಯಾಜ್ಯದಲ್ಲಿ ಸಿಕ್ಕದ ಅನುಜ್ಞೆಯನ್ನು 1974ರಲ್ಲಿ ಶಾಸನಸಭೆಯು ಕೊಟ್ಟಿತು.

ಇಷ್ಟರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಎಂಬ ವೈದ್ಯಮಹಾಸಂಘವು 1963ರಲ್ಲಿ ಕಪಟವೈದ್ಯವನ್ನು ವಿಚಾರಿಸುವ ಸಮಿತಿಯೊಂದನ್ನು ನೇಮಿಸಿ, ಈ ಪಂಥವನ್ನು ತಡೆದು ಕಡೆಗೆ ನಿರ್ಮೂಲಮಾಡುವುದನ್ನೇ ಅದರ ಮುಖ್ಯ ಕಾರ್ಯವಾಗಿ ಇಟ್ಟಿತ್ತು. ಅವೈಜ್ಞಾನಿಕ ಚಿಕಿತ್ಸಕರೊಡನೆ ಸಹವಾಸವು ಸಲ್ಲದೆಂಬ ಅದರ ನಿಯಮದಿಂದ, ವೈದ್ಯರು ಕೈರೋಪ್ರಾಕ್ಟರುಗಳ ಬಳಿಗೆ ರೋಗಿಗಳನ್ನು ಕಳುಹಿಸುವಂತಿರಲಿಲ್ಲ. ಸರ್ಕಾರದ ಅನುಜ್ಞೆ ದೊರೆತರೂ ಪಂಕ್ತಿಭೋಜನ ದೊರೆಯಲಿಲ್ಲವೆನ್ನಬಹುದು. 1976ರಲ್ಲಿ ಚೆಸ್ಟರ್ ವಿಲ್ಕ್ ಮೊದಲಾದ ಐವರು ಷಿಕಾಗೋ ನಗರದಲ್ಲಿ ಸಂಘದ ಮೇಲೆ ದಾವಾ ಹಾಕಿದರು. ವೈದ್ಯರು ಒಳಗೊಳಗೇ ಕೂಡಿ ಸ್ಪರ್ಧಿಗಳ ವ್ಯಾಪಾರವನ್ನು ಕೆಡಿಸಿದರೆಂಬುದು ಅವರ ದೂರು. 1981ರಲ್ಲಿ ಜೂರಿಯವರು ವೈದ್ಯರ ಪರವಾಗಿ ಹೇಳಿದರು. ಮೇಲಿನ ನ್ಯಾಯಸ್ಥಾನವು ಅದನ್ನು ರದ್ದುಮಾಡಿ ಪುನರ್ವಿಚಾರಣೆಗೆ ಕಳುಹಿಸಿತು. 1987ರಲ್ಲಿ ನ್ಯಾಯಾಧೀಶರಾದ ಸೂಸಾನ್ ಗೆಟ್ಜೆಂಡ್ಯಾನರ್ ಎಂಬ ಮಹಿಳೆಯವರು ಬಹಿಷ್ಕಾರವು ಶಾಸನವಿರುದ್ಧವೆಂದು ತೀರ್ಪುಕೊಟ್ಟು, ಆ ಆಜ್ಞೆಯನ್ನು ವೈದ್ಯಸಂಘವು ತನ್ನ ಪತ್ರಿಕೆಯಲ್ಲಿಯೇ ಅಚ್ಚುಹಾಕಬೇಕೆಂದು ವಿಧಿಸಿದರು. ಮೇಲ್ಮನವಿಯಲ್ಲಿ 1990ರಲ್ಲಿ ಇದೇ ಸ್ಥಿರಪಟ್ಟಿತು. ಕೈರೋಪ್ರಾಕ್ಟಿಕ್ ಸಿದ್ಧಾಂತವು ನಿಜವೆಂದು ಅವರು ಹೇಳಲಿಲ್ಲ. ರೋಗಿಗಳ ಹಿತಕ್ಕಾಗಿ ವೈದ್ಯಸಂಘಕ್ಕೆ ಇದ್ದ ಕಳವಳವು ನೈಜವೇ ಆಗಿದ್ದರೂ ಅದಕ್ಕೆ ಇಷ್ಟು ದೊಡ್ಡ ಬಹಿಷ್ಕಾರವು ಬೇಕಾಗಿರಲಿಲ್ಲವೆಂದರು. ಈ ಸೂಕ್ಷ್ಮವನ್ನು ಎರಡು ಪಕ್ಷದವರೂ ತಮಗೆ ಬೇಕಾದಂತೆ ಮರೆತಿದ್ದಾರೆ.

ಅನುಜ್ಞೆಯು ಎಲ್ಲೆಡೆಯೂ ದೊರೆತ ಮೇಲೆ ಅದರ ಜೊತೆಗೆ ಬರತಕ್ಕ ಕಟ್ಟುಗಳೂ ಬಂದುವು. 1963ರಲ್ಲಿ ಪಂಥದವರು ತಮ್ಮದೇ ಆದ ರಾಷ್ಟ್ರೀಯ ಪರೀಕ್ಷಾಮಂಡಲಿಯನ್ನು ಸ್ಥಾಪಿಸಿಕೊಂಡಿದ್ದರು. 1972ರಲ್ಲಿ ಮಾಡಿದ ತಿದ್ದುಪಡಿಯಿಂದ ವೃದ್ಧರ ಸರ್ಕಾರೀ ವೈದ್ಯವಿಮೆಯಾದ ಮೆಡಿಕೇರ್‌ನಲ್ಲಿ ಅವರಿಗೆ ಹಣ ಸಲ್ಲುವಂತಾಯಿತು. ಕಶೇರುಭ್ರಂಶವನ್ನು ಎಕ್ಸ್‌ರೇ ಚಿತ್ರದಲ್ಲಿ ತೋರಿಸಬೇಕೆಂಬ ಷರತ್ತು 2000ದ ವರೆಗೂ ಇತ್ತು. 1974ರಲ್ಲಿ ಅವರ ಶಾಲೆಗಳಿಗೆ ಮನ್ನಣೆ ಕೊಡುವ ಪರಿಷತ್ತನ್ನು ಒಕ್ಕೂಟದ ಸರ್ಕಾರವು ಅಂಗೀಕರಿಸಿತು. ಬೇಸಿಕ್ ಸೈನ್ಸ್ ಶಾಸನಗಳು ಒಂದೊಂದಾಗಿ ರದ್ದಾಗಿ 1970ರ ದಶಕದ ಕೊನೆಯ ಹೊತ್ತಿಗೆ ಮುಗಿದವು. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯಪರಿಷತ್ತು ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳ ಸಾಲಿನಲ್ಲಿ ಬೆನ್ನೆಲುಬಿನ ಕೈಚಿಕಿತ್ಸೆಯನ್ನೂ ಸೇರಿಸಿತು. ಪ್ರಯೋಜನವು ಸಾಧಾರಣವಾದುದೆಂದೂ, ಕುತ್ತಿಗೆಯ ಚಿಕಿತ್ಸೆಯಲ್ಲಿ ರಕ್ತನಾಳವು ಸೀಳುವ ವಿರಳವಾದ ಅಪಾಯವು ವರದಿಯಾಗಿದೆಯೆಂದೂ ತಜ್ಞರು ಹೇಳುತ್ತಾರೆ. ಎಲ್ಲ ರೋಗಗಳಿಗೂ ಕಶೇರುಭ್ರಂಶವೇ ಮೂಲವೆಂಬ ಪಾಮರನ ವ್ಯಾಪ್ತಿಗೆ ಆಧಾರವು ದೊರೆತಿಲ್ಲ. ಪಂಥದವರಲ್ಲಿಯೇ ಅನೇಕರು ಅದನ್ನು ಬಿಟ್ಟಿದ್ದಾರೆ, ಕೆಲವರು ಇನ್ನೂ ಹಿಡಿದಿದ್ದಾರೆ.

ಇಂದು ಆ ದೇಶದಲ್ಲಿ ಕೈರೋಪ್ರಾಕ್ಟರನಾಗಬೇಕೆನ್ನುವವನು ಮಾನ್ಯವಾದ ಕಾಲೇಜಿನಲ್ಲಿ 4200 ಗಂಟೆಗಳಿಗೆ ಕಡಮೆಯಿಲ್ಲದ ಪಾಠಕ್ರಮವನ್ನು ಮುಗಿಸಿ, ರಾಷ್ಟ್ರೀಯ ಮಂಡಲಿಯ ನಾಲ್ಕು ಭಾಗಗಳ ಪರೀಕ್ಷೆಯನ್ನು ಕೊಟ್ಟು, ತಾನು ನೆಲಸುವ ಸಂಸ್ಥಾನದ ಮಂಡಲಿಯಿಂದ ಅನುಜ್ಞಾಪತ್ರವನ್ನು ಪಡೆಯಬೇಕು. ಆ ಪರೀಕ್ಷೆಯ ಮೊದಲನೆಯ ಭಾಗದ ವಿಷಯಗಳು ಆರು: ಸಾಮಾನ್ಯ ಶರೀರರಚನೆ, ಬೆನ್ನೆಲುಬಿನ ರಚನೆ, ಶರೀರಕ್ರಿಯೆ, ರಸಾಯನ, ರೋಗವಿಕೃತಿ, ಸೂಕ್ಷ್ಮಜೀವಿಶಾಸ್ತ್ರ. ಬೆನ್ನೆಲುಬಿನದೊಂದನ್ನು ಬಿಟ್ಟರೆ ಉಳಿದ ಐದೂ ಬೇಸಿಕ್ ಸೈನ್ಸ್ ಶಾಸನಗಳು ಕೇಳುತ್ತಿದ್ದ ವಿಷಯಗಳೇ. ಪರೀಕ್ಷಕರು ಮಾತ್ರ ಈಗ ಕೈರೋಪ್ರಾಕ್ಟಿಕ್ ಪಂಥದವರು ತಾವೇ ಕಟ್ಟಿಕೊಂಡ ಮಂಡಲಿಯವರು.